ಒಂದು ಬೆರಳು ಎತ್ತರದ ಗಾಲಿ

ಕೆಲಸಕ್ಕೆ ಬಾರದೇ ಇರಲಿ ಎಂದು ಹಾರೈಸುತ್ತಲೇ ನಾವು ಕೆಲವು ವಸ್ತುಗಳನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತೇವೆ. ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು, ಹಾವು ಬಂದರೆ ಇರಲಿ ಎಂದು ಹಿತ್ತಲ ಬಾಗಿಲ ಹಿಂದೆ ನಿಲ್ಲಿಸಿದ ಬಡಿಗೆ, ಬೀಗರು ಹೇಳದೆ ಕೇಳದೆ ಹಿಂಡಾಗಿ ಬಂದಿಳಿದರೆ ಎಂಬ ಭಯಕ್ಕೆ ಅಟ್ಟ ಸೇರಿದ ಕೌದಿಗಳ ಗಂಟು. ವರ್ಷಕ್ಕೊಮ್ಮೆ ಇವುಗಳನ್ನು ತೆಗೆದು, ಒರೆಸಿ, ಬಿಸಿಲು ತೋರಿಸಿ, ಈ ವರ್ಷವೂ ಬೇಕಾಗಲಿಲ್ಲವಲ್ಲ ಎಂದು ಸಮಾಧಾನಪಟ್ಟು ಮತ್ತೆ ಇದ್ದಲ್ಲಿಯೇ ಇಡುತ್ತೇವೆ. ಗಾಡಿಯ ಬೆನ್ನಿಗೆ ನೇತುಬಿದ್ದಿರುವ ಐದನೆಯ ಗಾಲಿಯೂ ಇದೇ ಸಾಲಿಗೆ ಸೇರಿದ್ದು ಎಂಬುದು ನನಗೆ ಬಹಳ ದಿನ ತಿಳಿದಿರಲಿಲ್ಲ. ನಮ್ಮ ಜಮಖಂಡಿಯಲ್ಲಿ ಎಲ್ಲರೂ ಅದನ್ನು ಸ್ಟೆಪ್ನಿ ಎನ್ನುತ್ತಾರೆ. ನಾನು ಅದನ್ನು ಗಾಡಿಯ ಅಲಂಕಾರ ಎಂದುಕೊಂಡಿದ್ದೆ. ಹೆಂಗಸರ ತುರುಬಿನ ಹಾಗೆ, ಹಿಂದಿನಿಂದ ನೋಡುವವರಿಗೆ ಚೆಂದ ಕಾಣಲಿ ಎಂದು ಇಟ್ಟದ್ದು.

ಯಂತ್ರಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಇಷ್ಟೇ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಓದಿದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳು ನಮಗೆ ಕಸೂತಿ ಹಾಕಲು, ಕಾರ್ಬನ್ ಕಾಗದದಿಂದ ಹೂವಿನ ನಕ್ಷೆ ಇಳಿಸಲು, ಬಾಯಿ ಮುಚ್ಚಿಕೊಂಡು ಕೆಮ್ಮಲು ಕಲಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ತಲೆಯ ಮೇಲೆ ಒಂದು ದಪ್ಪ ಪುಸ್ತಕವಿಟ್ಟು ಅದು ಬೀಳದ ಹಾಗೆ ವರಾಂಡದ ಉದ್ದಕ್ಕೂ ನೆಟ್ಟಗೆ ನಡೆಸಿದರು. ನಾನು ಮೊದಲೇ ಎತ್ತರದ ಹುಡುಗಿ, ಪುಸ್ತಕ ಸೇರಿದರೆ ಇನ್ನೂ ಎತ್ತರ. ಮುಂದೆ ಮದುವೆಯಾಗಿ ಜಮಖಂಡಿಗೆ ಬಂದೆ. ಮದುವೆಯ ದಿನ ಫೋಟೋ ತೆಗೆಯುವವನು ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ಅಕ್ಕಾರ, ತುಸು ಮೊಣಕಾಲ ಬಗ್ಗಸ್ರಿ. ಸೀರಿಯೊಳಗ ಕಾಣಸೂದಿಲ್ಲ" ಎಂದ. ಬಗ್ಗಿಸಿದೆ. ನಾನು ನಮ್ಮ ಯಜಮಾನರಿಗಿಂತ ಒಂದು ಬೆರಳು ಎತ್ತರ. ಜಾತಕ ಚೆನ್ನಾಗಿ ಕೂಡಿತ್ತಂತೆ. ಎತ್ತರದ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತಲೇ ಇಲ್ಲ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಆದರೂ ಅಂದಿನಿಂದ ಯಾರಾದರೂ ಕ್ಯಾಮೆರಾ ಹಿಡಿದರೆ, ಅಷ್ಟೇಕೆ, ಮನೆಗೆ ಹಿರಿಯರು ಬಂದು ನಾವಿಬ್ಬರೂ ಜೋಡಿಯಾಗಿ ನಿಂತರೆ, ನನ್ನ ಮೊಣಕಾಲು ತನ್ನಷ್ಟಕ್ಕೆ ಬಗ್ಗುತ್ತದೆ. ಸಿಸ್ಟರುಗಳು ನೋಡಿದರೆ ನೊಂದುಕೊಂಡಾರು.

ಇವರು ಊರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಎರಡು ಪೆನ್ನಿಲ್ಲದೆ ಮನೆ ಬಿಡುವವರಲ್ಲ; ಒಂದು ಬರೆಯದಿದ್ದರೆ ಇನ್ನೊಂದು ಇರಲಿ ಎಂದು. ಅಂಥವರು ಒಂದು ದಿನ ಇದ್ದ ಸ್ಕೂಟರು ಮಾರಿ, ಕಾಂಟ್ರ್ಯಾಕ್ಟರರೊಬ್ಬರು ಬಳಸಿ ಬಿಟ್ಟಿದ್ದ ಒಂದು ಪುಟ್ಟ ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಮೇಲೆ ಕ್ಯಾನ್ವಾಸಿನ ಹೊದಿಕೆ, ಅದನ್ನು ಹೊತ್ತ ಕಬ್ಬಿಣದ ಕಂಬಿಗಳು, ಒಳಗೆ ಗೇರಿನ ಕೋಲಿನ ಪಕ್ಕ ಇನ್ನೊಂದು ಮೋಟು ಕೋಲು. "ಆ ಸಣ್ಣದು ಎಳದ್ರ ನಾಕೂ ಗಾಲಿ ಎಳೀತಾವ. ಎಂಥಾ ರಾಡಿ ಇದ್ರೂ ಹೊಕ್ಕ ಹೊರಗ ಬರತೈತಿ" ಎಂದರು. ಹಿಂದಿನ ಬಾಗಿಲಿನಿಂದ ಹತ್ತಿ ಇಳಿಯುವಾಗ ಆ ಕಂಬಿಯೊಂದು ಪ್ರತಿ ಸಲವೂ ನನ್ನ ನೆತ್ತಿಗೆ ಬಡಿಯುತ್ತಿತ್ತು. ಇವರಿಗೆ ಬಡಿಯುತ್ತಿರಲಿಲ್ಲ. ಆ ಕಾರಣಕ್ಕೆ ಅಲ್ಲೊಂದು ಕಂಬಿಯಿದೆ ಎಂಬುದನ್ನೇ ಅವರು ಕೊನೆಯವರೆಗೂ ಒಪ್ಪಲಿಲ್ಲ.

ಗಣಿತದ ಮೇಷ್ಟ್ರಿಗೆ ರಾಡಿಯಲ್ಲಿ ಓಡುವ ಗಾಡಿ ಏಕೆ ಎಂದು ಓಣಿಯವರು ನಕ್ಕರು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ನನ್ನ ನಾದಿನಿ ಕಸ್ತೂರಿಯನ್ನು ಗಲಗಲಿಯಾಚೆಯ ಒಂದು ಹಳ್ಳಿಗೆ ಕೊಟ್ಟಿದೆ. ಡಾಂಬರು ರಸ್ತೆಯಿಂದ ಒಳಗೆ, ಹೊಳೆದಂಡೆಯ ಕಪ್ಪು ಎರೆ ಮಣ್ಣಿನ ಹೊಲಗಳ ನಡುವೆ ಗಾಡಿದಾರಿ. ಮಧ್ಯೆ ಒಂದು ಹಳ್ಳ. ಬೇಸಿಗೆಯಲ್ಲಿ ಆ ಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಮಳೆ ಬಿದ್ದಿತೆಂದರೆ ಚಪ್ಪಲಿಯನ್ನು ಹಿಡಿದುಕೊಂಡು ಕಾಲನ್ನು ಮಾತ್ರ ವಾಪಸು ಕೊಡುತ್ತದೆ. ಹಿಂದಿನ ವರ್ಷದ ಮಳೆಗಾಲದಲ್ಲಿ ಕಸ್ತೂರಿಗೆ ದಿನ ತುಂಬುವ ಮೊದಲೇ ಬೇನೆ ಬಂದಿತ್ತು. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಇವರು ಇಲ್ಲಿಂದ ಬಾಡಿಗೆ ಟ್ಯಾಕ್ಸಿ ಮಾಡಿಕೊಂಡು ಹೋದರು. ಡ್ರೈವರು ಡಾಂಬರಿನ ಅಂಚಿಗೆ ನಿಲ್ಲಿಸಿ, ಎರೆಗೆ ಇಳಿಸುವುದಿಲ್ಲ ಎಂದ. ಒಳಗೆ ಎತ್ತಿನ ಗಾಡಿ ಹೂತುಹೋಗಿತ್ತು. ಇವರು ಇಲ್ಲಿ, ಅವಳು ಅಲ್ಲಿ. ನಡುವೆ ಕೂಗಿದರೆ ಕೇಳುವಷ್ಟು ಹೊಲ. ಕಸ್ತೂರಿ ಉಳಿದಳು, ಕೂಸು ಉಳಿಯಲಿಲ್ಲ. ಆ ಬೆಳಗಿನ ಬಗ್ಗೆ ಇವರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆಮೇಲೆ ಗಾಡಿ ತಂದರು, ಅಷ್ಟೇ.

ಗಾಡಿ ಬಂದದ್ದೇ ನಾನು ನನಗೆ ಗೊತ್ತಿರುವ ಕೆಲಸ ಮಾಡಿದೆ. ಬನಹಟ್ಟಿಯ ಗಟ್ಟಿ ಬಟ್ಟೆ ತಂದು, ಬೆನ್ನ ಮೇಲಿನ ಸ್ಟೆಪ್ನಿಗೆ ಒಂದು ಗವಸು ಹೊಲಿದು, ಅಂಚಿನ ಸುತ್ತ ಕಸೂತಿಯಲ್ಲಿ ನವಿಲುಗಳನ್ನು ನಿಲ್ಲಿಸಿದೆ. ಊರಿನ ಜನ ಅದನ್ನು ಹಿಂದಿನಿಂದ ಬಗ್ಗಿ ನೋಡಿ ಮೆಚ್ಚುತ್ತಿದ್ದರು. ಆದರೆ ಆ ಬೇಸಿಗೆಯಲ್ಲಿ ಬೀಳಗಿಯ ದಾರಿಯಲ್ಲಿ ಒಂದು ಗಾಲಿ ಕಲ್ಲಿಗೆ ಬಡಿದು, ಟಾಯರೂ ಹರಿದು, ಅದರ ಕಬ್ಬಿಣದ ಬಿಲ್ಲೆಯೂ ಸೀಳಿತು. ಸ್ಟೆಪ್ನಿ ಇಳಿದು ಅದರ ಜಾಗಕ್ಕೆ ಹೋಯಿತು. ಸೀಳಿದ ಗಾಲಿ ನಮ್ಮ ಹಿತ್ತಲಿಗೆ ಬಂತು. ಗಾಡಿಯ ಬೆನ್ನು ಬರಿದಾಗಿ, ನನ್ನ ನವಿಲುಗಳು ಗಾಳಿ ಹೋದ ಚೀಲದಂತೆ ಜೋತುಬಿದ್ದವು. ಈ ತರಹದ ಗಾಡಿ ಆಗ ನಮ್ಮ ಕಡೆ ಹೊಸದು. ಅದರ ಗಾಲಿ ಬೇಕಾದರೆ ಹುಬ್ಬಳ್ಳಿಯಿಂದ ತರಿಸಬೇಕು. ಹುಬ್ಬಳ್ಳಿಯವರು ಬರೆದುಕೊಂಡರು, ಬರುತ್ತದೆ ಎಂದರು, ಬೇಸಿಗೆ ಮುಗಿಯುತ್ತ ಬಂದರೂ ಬರುತ್ತದೆ ಎನ್ನುತ್ತಲೇ ಇದ್ದರು.

ಅಷ್ಟರಲ್ಲಿ ಕಸ್ತೂರಿಗೆ ಮತ್ತೆ ಏಳು ತಿಂಗಳು ನಡೆಯುತ್ತಿತ್ತು. ಹೆರಿಗೆಗೆ ತವರಿಗೆ ತರುವುದು ನಮ್ಮ ಕೆಲಸ. ಅದಕ್ಕೆ ನಮ್ಮ ಅತ್ತೆಯವರ ಕಟ್ಟಳೆಯೊಂದಿತ್ತು: ಬಸುರಿಯನ್ನು ಏಳರಲ್ಲಿ ತರಬೇಕು, ತಪ್ಪಿದರೆ ಒಂಬತ್ತರಲ್ಲಿ, ಎಂಟರಲ್ಲಿ ಹಳ್ಳ ದಾಟಿಸುವಂತಿಲ್ಲ. ಒಂಬತ್ತು ಎಂದರೆ ನಡು ಮಳೆಗಾಲ, ಹೋದ ವರ್ಷದ್ದೇ ಕಥೆ. ಹಾಗಾಗಿ ಉಳಿದದ್ದು ಏಳು, ಅದೂ ತೀರುತ್ತ ಬಂದಿತ್ತು, ಮೃಗಶಿರ ಮಳೆ ತಲೆಯ ಮೇಲೆ ನಿಂತಿತ್ತು. ಇವರು ಮಾತ್ರ ಜಗ್ಗಲಿಲ್ಲ.

"ಸ್ಟೆಪ್ನಿ ಇಲ್ಲದ ನಾ ಆ ದಾರಿಗೆ ಗಾಡಿ ಇಳಸೂದಿಲ್ಲವ್ವಾ. ಎರಡೂ ಕಡೆ ಬರೇ ಜಾಲಿ. ಮುಳ್ಳ ನಟ್ತಂದ್ರ ನಟ್ಟ ನಡಬರಕ ಕುಂದ್ರಬೇಕಾಗತೈತಿ."

"ಒಂದ ಸಲ ಹೋಗಿ ಬರೂದಕ್ಕ ಏನಾಗತೈತೋ?" ಎಂದರು ಅತ್ತೆ.

"ಹೋದ ಸಲಾನೂ ಒಂದ ಸಲನ ಆಗಿತ್ತ."

ಅತ್ತೆ ಸೆರಗಿನಿಂದ ಒಲೆಯ ಕಟ್ಟೆ ಒರೆಸಿದರು. ಅದು ಮೊದಲೇ ಸ್ವಚ್ಛವಿತ್ತು.

ಮರುದಿನ ಇವರು ಪರೀಕ್ಷೆಯ ಪೇಪರು ತಿದ್ದಲು ಧಾರವಾಡಕ್ಕೆ ಹೋಗಲೇಬೇಕಾಯಿತು. ಗಾಲಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು, ಅಂದರೆ ನಾನೇ ಎತ್ತಿಕೊಂಡೆ. ಕನ್ಯೆ ಹುಡುಕುವುದಕ್ಕೆ ಏನು ಬೇಕು ಎಂಬುದು ಎಲ್ಲರಿಗೂ ಗೊತ್ತು. ಗಾಲಿ ಹುಡುಕುವುದಕ್ಕೆ ಏನು ಬೇಕೋ ನನಗೆ ಗೊತ್ತಿರಲಿಲ್ಲ. ಹಿತ್ತಲಿನಲ್ಲಿ ಮಲಗಿದ್ದ ಸೀಳು ಗಾಲಿಯ ಪಕ್ಕ ಕುಳಿತು ಬಹಳ ಹೊತ್ತು ಯೋಚಿಸಿದೆ. ನಡುವೆ ಒಂದು ದೊಡ್ಡ ತೂತು, ಸುತ್ತಲೂ ಐದು ಸಣ್ಣ ತೂತು, ಥೇಟು ಒಂದು ಹೂವು. ಹೂವು ಎಂದ ಮೇಲೆ ನನಗೆ ದಾರಿ ಸಿಕ್ಕಿತು. ಹಳೆಯ ವೃತ್ತಪತ್ರಿಕೆಯನ್ನು ಅದರ ಮೇಲೆ ಹಾಸಿ, ಪೆನ್ಸಿಲ್ಲನ್ನು ಅಡ್ಡ ಹಿಡಿದು ಉಜ್ಜಿ, ಕಸೂತಿಯ ಕತ್ತರಿಯಿಂದ ತೂತುಗಳನ್ನು ಒಂದೊಂದಾಗಿ ಕತ್ತರಿಸಿದೆ. ರವಿಕೆ ಹೊಲಿಸಲು ಅಳತೆಯ ರವಿಕೆ ಒಯ್ಯುವುದಿಲ್ಲವೇ, ಹಾಗೆ ಗಾಲಿಯ ಅಳತೆಯನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಹೂವು ಹೂವಿಗೆ ಕೂಡಿದರೆ ಆಯಿತು ಎಂದು ನನ್ನ ಲೆಕ್ಕ. ಗಾಲಿಗೆ ಎತ್ತರ ಎಂಬುದೊಂದು ಇರುತ್ತದೆ ಎಂದು ನನಗೆ, ಈ ಜಗತ್ತಿನಲ್ಲಿ ಬೇರೆ ಯಾರಿಗಲ್ಲದಿದ್ದರೂ ನನಗೆ, ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಜಮಖಂಡಿಯ ಗ್ಯಾರೇಜಿನಲ್ಲಿ ನಾನು ಕಾಗದ ಬಿಡಿಸಿ ತೋರಿಸಿದಾಗ, ಮಿಸ್ತ್ರಿ ಅದನ್ನು ತಿರುಗಿಸಿ, ಹಿಂದುಮುಂದು ನೋಡಿ, ಬೆಳಕಿಗೆ ಹಿಡಿದು, "ಬಾಯಾರ, ಇದರಾಗ ಏನ ಸುದ್ದಿ ಬಂದೈತ್ರಿ?" ಎಂದು ಕೇಳಿದ. ನಾನು ವಿವರಿಸಿದೆ. ಅವನ ಮುಖ ಗಂಭೀರವಾಯಿತು. ಆ ತರಹದ ಗಾಲಿ ಊರಲ್ಲೇ ಇಲ್ಲವೆಂದ. ಸಾವಳಗಿಯಲ್ಲಿ ಟ್ರ್ಯಾಕ್ಟರುಗಳ ಹಳೆಯ ಗಾಲಿ ಬೇಕಾದಷ್ಟು ಬಿದ್ದಿವೆ ಎಂದು ಯಾರೋ ಹೇಳಿದರೆಂದು ಬಸ್ಸು ಹಿಡಿದು ಅಲ್ಲಿಗೂ ಹೋದೆ. ಅಲ್ಲಿ ನನ್ನ ಹೂವು ಯಾವುದಕ್ಕೂ ಕೂಡಲಿಲ್ಲ. ಒಂದಕ್ಕೆ ಎಸಳು ಹೆಚ್ಚು, ಒಂದಕ್ಕೆ ಕಡಿಮೆ. ಟ್ರ್ಯಾಕ್ಟರಿನ ಯಜಮಾನರು ಬಹಳ ಸಜ್ಜನರು. ಚಹಾ ಕುಡಿಸಿ, "ತಂಗೀ, ಗಾಲಿ ಕೂಡಲಿಲ್ಲ ಅಂತ ಬ್ಯಾಸರ ಮಾಡ್ಕೊಬ್ಯಾಡವಾ. ಬೇಕಂದ್ರ ಟ್ರ್ಯಾಕ್ಟರನ ಒಯ್ಯಿ" ಎಂದರು. ಟ್ರ್ಯಾಕ್ಟರಿನ ಕುಲುಕಾಟದಲ್ಲಿ ಏಳು ತಿಂಗಳ ಬಸುರಿಯನ್ನು ತರುವುದು ಹೇಗೆಂದು ನಾನು ಕೇಳಿದಾಗ ಅವರು ತಲೆಯಾಡಿಸಿ, ಇನ್ನೊಂದು ಕಪ್ಪು ಚಹಾ ತರಿಸಿದರು.

ಕೂಡಿದ್ದು ಮುಧೋಳದಲ್ಲಿ. ಗುಜರಿಯಂಗಡಿಯ ಮುಂದೆ ಒಂದು ಮುದಿ ಜೀಪು ಎದೆಯ ಮೇಲೆ ಕುಳಿತಿತ್ತು. ಅದರ ಗಾಲಿಗಳನ್ನು ಬಿಚ್ಚಿ ಗೋಡೆಗೆ ಆನಿಸಿದ್ದರು. ಒಂದರ ಟಾಯರು ಇನ್ನೂ ಗಟ್ಟಿಮುಟ್ಟಾಗಿತ್ತು. ಪರ್ಸಿನಿಂದ ಕಾಗದ ತೆಗೆದು ಹಚ್ಚಿದೆ. ಐದಕ್ಕೆ ಐದೂ ತೂತುಗಳು ಒಂದರ ಮೇಲೊಂದು ಕುಳಿತವು. ಆಚೆಯ ಗೋಡೆಯ ಸುಣ್ಣ ಐದೂ ತೂತಿನಿಂದ ಬೆಳ್ಳಗೆ ಕಂಡಿತು.

"ಇದು ಜೀಪಿಂದ್ರೆವಾ, ನಿಮ್ಮ ಗಾಡೀದಲ್ಲ" ಎಂದ ಅಂಗಡಿಯವನು.

"ಆದ್ರ ಕೂಡತೈತಲ್ಲ?"

"ಕೂಡೂದೇನೋ ಕೂಡತೈತ್ರಿ. ಕೂಡಿದ ಮ್ಯಾಲ ಹೆಂಗ ನಡೀತೈತೋ ಅದು ನಿಮ್ಮ ನಶೀಬ."

ಮದುವೆಯ ದಲ್ಲಾಳಿಗಳೂ ಇಷ್ಟು ಪ್ರಾಮಾಣಿಕವಾಗಿ ಮಾತನಾಡುವುದಿಲ್ಲ. ಬಸ್ಸಿನಲ್ಲಿ ಗಾಲಿಯನ್ನು ಕಾಲ ಬಳಿ ನಿಲ್ಲಿಸಿಕೊಂಡು ಕುಳಿತೆ. ಕಂಡಕ್ಟರು ಅದಕ್ಕೆ ಲಗೇಜಿನ ಟಿಕೀಟು ಹರಿದು, "ಎಲ್ಲಾರೂ ಹಿಂಗ ತಮ್ಮ ತಮ್ಮ ಗಾಲಿ ತಂದ್ರ, ನಮ್ಮ ಬಸ್ಸ ಯಾರ ಹತ್ತಬೇಕ್ರೀ ಅಕ್ಕಾರ?" ಎಂದ. ಸೀಟಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ತಿರುವಿನಲ್ಲಿ ಅದು ಉರುಳದಂತೆ ಎರಡೂ ಮೊಣಕಾಲುಗಳ ನಡುವೆ ಭದ್ರವಾಗಿ ಹಿಡಿದುಕೊಂಡಿದ್ದೆ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಅದನ್ನು ತಡೆದು, ಕುಂಕುಮ ಹಚ್ಚಿ, ಆಮೇಲೆ ಒಳಗೆ ಬಿಟ್ಟುಕೊಂಡರು.

ಧಾರವಾಡದಿಂದ ಬಂದ ಇವರು ಕೈಕಾಲು ತೊಳೆಯುವ ಮೊದಲೇ ಗಾಲಿಯನ್ನು ಅಂಗಳಕ್ಕೆ ಉರುಳಿಸಿ, ಗಾಡಿಯ ಗಾಲಿಯ ಪಕ್ಕ ನಿಲ್ಲಿಸಿ, ಎರಡರ ಮೇಲೂ ಒಂದು ಕಟ್ಟಿಗೆಯ ಪಟ್ಟಿ ಇಟ್ಟರು. ಪಟ್ಟಿ ಓರೆಯಾಗಿ ನಿಂತಿತು. ಸಂದಿಗೆ ಬೆರಳು ತೂರಿಸಿ ನೋಡಿದರು. ಬೆರಳು ಸರಿಯಾಗಿ ಹಿಡಿಯಿತು.

"ಒಂದ ಬೆರಳ ಎತ್ತರ ಐತಿ" ಎಂದರು, ಯಾರೋ ತೀರಿಕೊಂಡರು ಎನ್ನುವ ದನಿಯಲ್ಲಿ.

ಊಟಕ್ಕೆ ಕುಳಿತಾಗ ನಮಗೆ ಅದರ ಗಣಿತ ವಿವರಿಸಿದರು. ತಟ್ಟೆಯಲ್ಲಿದ್ದ ದೊಡ್ಡ ರೊಟ್ಟಿಯೊಂದನ್ನೂ ಸಣ್ಣದೊಂದನ್ನೂ ನಿಲ್ಲಿಸಿ ಹಿಡಿದು, ಒಂದು ಸುತ್ತು ತಿರುಗಿದರೆ ದೊಡ್ಡದು ಎಷ್ಟು ಮುಂದೆ ಹೋಗುತ್ತದೆ, ಸಣ್ಣದು ಎಷ್ಟು ಹಿಂದೆ ಉಳಿಯುತ್ತದೆ ಎಂದು ತೋರಿಸಿದರು. ಬರೀ ಹಿಂದಿನ ಗಾಲಿ ಎಳೆಯುವ ಗಾಡಿಯಾದರೆ ಚಿಂತೆಯಿಲ್ಲ. ನಾಲ್ಕೂ ಗಾಲಿಗಳನ್ನು ಒಂದೇ ಗಂಟಿಗೆ ಕಟ್ಟಿ ಎಳೆಯುವಾಗ ಒಂದು ಮುಂದೆ ಓಡಿ ಒಂದು ಹಿಂದೆ ಬಿದ್ದರೆ ಒಳಗಿನ ಹಲ್ಲುಚಕ್ರಗಳು ಬಿಗಿದುಕೊಂಡು, ಸಣ್ಣ ಕೋಲು ಹಿಂದಕ್ಕೆ ಬಾರದೆ, ಕೊನೆಗೆ ಏನಾದರೊಂದು ಮುರಿಯುತ್ತದೆ. "ಜೋಡಿಯೊಳಗ ಒಂದ ಎತ್ತರ ಆತಂದ್ರ ಇಡೀ ಗಾಡೀನ ಕೆಡತೈತಿ" ಎಂದು ಮುಗಿಸಿದರು.

ಅತ್ತೆ ಅವರನ್ನೊಮ್ಮೆ ನೋಡಿದರು. ನನ್ನನ್ನೊಮ್ಮೆ ನೋಡಿದರು. "ಮದ್ಲ ರೊಟ್ಟಿ ಉಣ್ಣು. ಆರಿ ಹೊಂಟಾವ" ಎಂದರು.

ಕಾಲೇಜಿನಲ್ಲಿ ಯಾರೋ, ಬನಹಟ್ಟಿಯ ನೇಕಾರರೊಬ್ಬರ ಮನೆಯಲ್ಲಿ ಥೇಟು ನಮ್ಮಂಥದೇ ಗಾಡಿಯಿತ್ತು, ಅದನ್ನು ಮಾರಿದ್ದಾರೆ, ಸ್ಟೆಪ್ನಿ ಮಾತ್ರ ಮನೆಯಲ್ಲೇ ಉಳಿದಿದೆ ಎಂದು ಇವರಿಗೆ ಹೇಳಿದರು. ಸುದ್ದಿ ಕೇಳಿದ ಬೆಳಿಗ್ಗೆಯೇ ನಾನು ಬನಹಟ್ಟಿಯ ಬಸ್ಸು ಹತ್ತಿದೆ. ಓಣಿಯ ತುಂಬ ಮಗ್ಗದ ಸಪ್ಪಳ; ಮನೆ ಕೇಳಿದರೆ ಜನ ಕೈಸನ್ನೆಯಲ್ಲೇ ದಾರಿ ತೋರಿಸುತ್ತಿದ್ದರು. ಒಳಗೆ ಪಡಸಾಲೆಯಲ್ಲಿ ಒಬ್ಬ ಅಜ್ಜಿ ಕುಳಿತು ರಾಟಿ ತಿರುವುತ್ತ, ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವಳ ಮಗ, ಮನೆಯ ಯಜಮಾನ, ನನ್ನ ಮಾತು ಕೇಳಿ, ಐತ್ರಿ, ಒಯ್ಯಲಡ್ಡಿಯಿಲ್ರಿ ಎಂದು ಸುತ್ತ ನೋಡಿದ. ಆಮೇಲೆ ಅವನ ಕಣ್ಣು ಅಜ್ಜಿಯ ಮೇಲೆ ನಿಂತಿತು. ಅಜ್ಜಿ ಕುಳಿತಿದ್ದದ್ದು ಗಾಲಿಯ ಮೇಲೆ. ಅದರ ಮೇಲೊಂದು ಕೌದಿ ಮಡಿಸಿ ಹಾಕಿದ್ದರು. ಕೌದಿಯ ಅಂಚನ್ನು ಸರಿಸಿ ನಾನು ನೋಡಿದೆ: ಅದೇ ಟಾಯರು, ಅದೇ ಅಗಲ, ಅದೇ ಎತ್ತರ. ನಾಲ್ಕು ಊರು ಅಲೆದು ಹುಡುಕಿದ ವರ ಎದುರಿಗೇ ಇದ್ದ. ಮೇಲೆ ಅಜ್ಜಿ ಕುಳಿತಿದ್ದಳು.

"ಯವ್ವಾ, ತುಸು ಏಳು. ಅಕ್ಕಾರಿಗೆ ಗಾಲಿ ಬೇಕಂತ" ಎಂದ ಮಗ.

"ನಾ ಏಳಾಂಗಿಲ್ಲ."

"ಛಲೋ ಕುರ್ಚಿ ತಂದ ಕೊಡ್ತೀನಿ ಬೇ."

"ಕುರ್ಚಿ ಎತ್ತರ ಆಗತೈತಿ, ರಾಟಿ ಸಿಗೂದಿಲ್ಲ. ನೆಲ ತಗ್ಗ ಆಗತೈತಿ, ಮೊಣಕಾಲ ಮಡಚಾಕ ಬರೂದಿಲ್ಲ. ಮಣಿ ಮ್ಯಾಲ ಕುಂತ್ರ ನಡಾ ಹಿಡೀತೈತಿ. ಇದೊಂದ ನನ್ನ ಅಳತಿಗೆ ಕೂಡೇತಿ. ನಾ ಸತ್ತ ಮ್ಯಾಲ ಬಂದ ಒಯ್ಯಿ ಅನ್ನ ಆಕಿಗೆ."

ನಾನು ಬಾಗಿ, ಅಜ್ಜಿಯ ಕಿವಿಯ ಹತ್ತಿರ, ಗಾಲಿ ಯಾರಿಗಾಗಿ ಬೇಕೆಂದು ಹೇಳಿದೆ. ಹೋದ ವರ್ಷದ ಮಾತನ್ನೂ ಹೇಳಿದೆ. ರಾಟಿ ನಿಂತಿತು. ಅಜ್ಜಿ ಆಮೇಲೆ ಎರಡೂ ಕೈ ಗೋಡೆಗೆ ಊರಿ ಏಳಲು ನೋಡಿದಳು. ಅರ್ಧಕ್ಕೆ ಬಂದಳು, ಅಲ್ಲಿಂದ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮಗ ಓಡಿಬಂದು ಹಿಡಿದು ಮತ್ತೆ ಗಾಲಿಯ ಮೇಲೆಯೇ ಕೂರಿಸಿದ. ನೋವಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. "ನೋಡವಾ, ಖರೆ ಹೇಳ್ತೀನಿ, ಆಗೂದಿಲ್ಲ" ಎಂದಳು. ನನಗೆ ನಾಚಿಕೆಯಾಯಿತು. ಅಜ್ಜಿ ಸೊಸೆಯನ್ನು ಕರೆದು ಒಂದು ರವಿಕೆ ಕಣ, ಕೊಬ್ಬರಿ ಬಟ್ಟಲು, ಅಕ್ಕಿ ತರಿಸಿ ನನ್ನ ಉಡಿಗೆ ಹಾಕಿದಳು: "ಇದನ್ನ ನಿನ್ನ ನಾದನಿ ಉಡಿಯೊಳಗ ಹಾಕು. ಕೂಸು ಮನಿ ಮುಟ್ಟತೈತಿ, ಅಂಜಬ್ಯಾಡ." ನಾನು ಎದ್ದು ನಿಂತಾಗ ತಲೆಯೆತ್ತಿ ನೋಡಿ, "ಅವ್ವಯ್ಯ, ನೀ ಭಾಳ ಎತ್ತರ ಅದಿ ಬಿಡು. ನಿನಗ್ಯಾರ ಅಳತಿ ತಗೊಂಡ್ರು?" ಎಂದು ಮತ್ತೆ ರಾಟಿ ತಿರುವತೊಡಗಿದಳು.

ಬರಿಗೈಯಲ್ಲಿ ಎನ್ನುವಂತಿಲ್ಲ, ಉಡಿ ತುಂಬಿಕೊಂಡೇ ಹಿಂದಿರುಗಿದೆ. ಅಂದು ಸಂಜೆ ಮಳೆ ಹಿಡಿಯಿತು. ಬೆಳಗಾದರೂ ಬಿಡಲಿಲ್ಲ. ಗಲಗಲಿಯ ಕಡೆಯಿಂದ ಸಂತೆಗೆ ಬಂದವರೊಬ್ಬರು, ಕಸ್ತೂರಿಯ ಕಾಲು ಬಾತಿವೆ, ಡಾಕ್ಟರಿಗೆ ತೋರಿಸಬೇಕಂತೆ ಎಂದು ಹೇಳಿ ಹೋದರು. ಇವರು ಅಂಗಳದಲ್ಲಿ ನಿಂತು ಆಕಾಶ ನೋಡಿದರು, ಗಾಡಿಯ ಬರಿದಾದ ಬೆನ್ನು ನೋಡಿದರು. ಆಮೇಲೆ ಮುಧೋಳದ ಗಾಲಿಯನ್ನು ಎತ್ತಿ ಹಿಂದೆ ಬಿಗಿದರು. ನಾನು ನವಿಲಿನ ಗವಸು ತಂದು ಎಳೆದು ಎಳೆದು ಹಾಕಿದೆ. ಬೆಳೆದ ಹುಡುಗಿಗೆ ಹೋದ ವರ್ಷದ ಲಂಗ ತೊಡಿಸಿದ ಹಾಗೆ ಅದು ಗೇಣು ಮೇಲೆಯೇ ನಿಂತಿತು.

ಡಾಂಬರು ಬಿಟ್ಟು ಎರೆಗೆ ಇಳಿದಾಗ ಇವರು ಸಣ್ಣ ಕೋಲು ಎಳೆದರು. ಗಾಡಿ ಮಳೆಯಲ್ಲಿ ನೆನೆದ ಎಮ್ಮೆಯ ಹಾಗೆ, ಅವಸರವಿಲ್ಲದೆ, ಸದ್ದು ಮಾಡುತ್ತ ನಡೆಯಿತು. ಹಳ್ಳದಲ್ಲಿ ಮೊಣಕಾಲುದ್ದ ನೀರು. ದಾಟಿತು. ಕಸ್ತೂರಿ ತಯಾರಾಗಿ ಕುಳಿತಿದ್ದಳು. ಅವಳ ಅತ್ತೆ, ಬಾಣಂತಿಯನ್ನು ಕೂರಿಸಿ ನೀರೆರೆಯಲು ಇರಲಿ ಎಂದು ಒಂದು ಅಗಲವಾದ ಮಣೆಯನ್ನು ಗಾಡಿಗೆ ಹೇರಿದರು. ನಮ್ಮ ಮನೆಯಲ್ಲೂ ಮಣೆಗಳಿವೆ ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಕಸ್ತೂರಿಯ ಗಂಡ ಹಳ್ಳದವರೆಗೆ ಮುಂದೆ ಮುಂದೆ ನಡೆದು ದಾರಿ ತೋರಿಸಿ, ನಾವು ದಾಟಿದ್ದನ್ನು ನೋಡಿ, ಆಚೆಯ ದಂಡೆಯಿಂದ ಕೈಮಾಡಿ ಹಿಂದಿರುಗಿದ. ಇನ್ನು ಡಾಂಬರು ರಸ್ತೆಯ ಮರಗಳು ಕಾಣುತ್ತಿವೆ ಎನ್ನುವಾಗ ಗಾಡಿ ಒಂದು ಕಡೆಗೆ ಕುಸಿಯಿತು.

ಮುಂದಿನ ಎಡಗಾಲಿ. ಜಾಲಿಯ ಮುಳ್ಳು ಮೊಳೆಯ ಹಾಗೆ ನಟ್ಟಿತ್ತು. ಇವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಸ್ತೂರಿ ಹೊರಗೆ ಇಣುಕಿ, ಮೆಲ್ಲಗೆ, "ವೈನಿ, ಇ‌ಲ್ಲೇ" ಎಂದಳು. ಹೋದ ವರ್ಷ ಎತ್ತಿನ ಗಾಡಿ ಹೂತ ಜಾಗ ಎಂದು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ.

ಜಾಕ್ ಇಟ್ಟರೆ ಗಾಡಿ ಏಳುವ ಬದಲು ಜಾಕೇ ಮಣ್ಣಿನೊಳಗೆ ಇಳಿಯುತ್ತಿತ್ತು. ಆಗ ಬೀಗರ ಮಣೆ ನೆನಪಾಯಿತು. ಮಣೆಯನ್ನು ಕೆಳಗೆ ಹಾಕಿ, ಅದರ ಮೇಲೆ ಜಾಕ್ ನಿಲ್ಲಿಸಿದರು. ಕಸ್ತೂರಿಯನ್ನು ಇಳಿಸಬೇಕಾಗಿತ್ತು, ಕೂರಲು ಮಣೆ ಇಲ್ಲ, ಸುತ್ತ ಒಂದು ಕಲ್ಲೂ ಇಲ್ಲ. ಎತ್ತರದ ಗಾಲಿಯನ್ನು ಬಿಚ್ಚಿ ಮಲಗಿಸಿ, ಅದರ ಮೇಲೆ ಅವಳನ್ನು ಕೂರಿಸಿ, ನಾನು ಕೊಡೆ ಹಿಡಿದು ನಿಂತೆ. ಇವರು ಪಂಚರಾದ ಗಾಲಿಯನ್ನು ಬಿಚ್ಚಿದ ಮೇಲೆ ಅವಳು ಎದ್ದು ಅದರ ಮೇಲೆ ಕುಳಿತಳು. "ವೈನಿ, ಮದ್ಲಿನದ ಕುಂದ್ರಾಕ ಛಲೋ ಇತ್ತ ನೋಡ್ರಿ, ತುಸು ಎತ್ತರ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದೆ. ಇವರು ಎತ್ತರದ ಗಾಲಿ ಏರಿಸಿ ಐದು ನಟ್ಟುಗಳನ್ನೂ ಬಿಗಿದರು. ನನ್ನ ಕಾಗದದ ಹೂವು ಸುಳ್ಳು ಹೇಳಿರಲಿಲ್ಲ. ಒಂದೊಂದು ನಟ್ಟೂ ತನ್ನ ಮನೆಗೆ ಹೋದ ಹಾಗೆ ಕುಳಿತುಕೊಂಡಿತು. ಗಾಡಿ ತುಸು ಓರೆಯಾಗಿ, ಏನನ್ನೋ ಕಿವಿಗೊಟ್ಟು ಕೇಳುವವರ ಹಾಗೆ ನಿಂತಿತು. ಹೊರಟಿತು. ಕೆಸರಿನಲ್ಲಿ ಜಾರುತ್ತ, ಎಳೆಯುತ್ತ, ಡಾಂಬರಿಗೆ ಹತ್ತಿತು.

ಹತ್ತಿದ ಮೇಲೆ ಇವರು ಸಣ್ಣ ಕೋಲನ್ನು ಮೊದಲಿನ ಜಾಗಕ್ಕೆ ತಳ್ಳಿದರು. ಅದು ಬರಲಿಲ್ಲ. ಎರಡೂ ಕೈಯಿಂದ ತಳ್ಳಿದರು. ಬರಲಿಲ್ಲ. "ನಾ ಹೇಳಿದ್ನಿಲ್ಲ? ಬಿಗದೈತಿ!" ಎಂದರು. ಹೆದರಿಕೆಯ ನಡುವೆಯೂ ಅವರ ದನಿಯಲ್ಲಿ, ಬೋರ್ಡಿನ ಮೇಲೆ ಪ್ರಮೇಯವೊಂದು ಸಾಧಿತವಾದಾಗಿನ ತೃಪ್ತಿಯಿತ್ತು. ಗಾಡಿಯನ್ನು ಹಿಮ್ಮುಖವಾಗಿ ಬಿಟ್ಟರು.

"ಅಣ್ಣಾ, ತವರಿಗೆ ಹೊಂಟಾಕಿನ್ನ ಹಿಂದಕ ಯಾಕ ಒಯ್ಯಾಕತ್ತಿ?" ಎಂದು ಕಸ್ತೂರಿ ಗಾಬರಿಯಾದಳು.

"ನಾಕ ಹೆಜ್ಜಿ ಬೇ. ಸುಮ್ಕ ಕುಂದ್ರು."

ನಾಲ್ಕು ಹೆಜ್ಜೆ ಹಿಂದೆ ಹೋದಾಗ ಒಳಗೆಲ್ಲೋ ಬಿಗಿದದ್ದು ಸಡಿಲಾಯಿತು. ಕೋಲು ಟಕ್ಕೆಂದು ತನ್ನ ಜಾಗಕ್ಕೆ ಬಂತು. ಅಲ್ಲಿಂದ ಜಮಖಂಡಿಯವರೆಗೆ ಗಾಡಿ ಓರೆಯಾಗಿಯೇ ಓಡಿತು. ಅದನ್ನು ಸರಿಮಾಡುವವರಂತೆ ಇವರು ಕುತ್ತಿಗೆಯನ್ನು ಇನ್ನೊಂದು ಕಡೆಗೆ ವಾಲಿಸಿಕೊಂಡು ಓಡಿಸಿದರು. ದಾರಿಯಲ್ಲೇ ಡಾಕ್ಟರಿಗೆ ತೋರಿಸಿದೆವು. ತಾಯಿ, ಮಗು ಇಬ್ಬರಿಗೂ ಚಿಂತೆಯಿಲ್ಲ, ಇನ್ನು ಕದಲಿಸಬೇಡಿ ಎಂದರು.

ಮನೆಯ ಮುಂದೆ ಅತ್ತೆ ರೊಟ್ಟಿಯ ತುಣುಕು, ತಂಬಿಗೆ ನೀರು ಹಿಡಿದು ಕಾಯುತ್ತ ನಿಂತಿದ್ದರು. ಮಗಳನ್ನು ಇಳಿಸಿ, ದೃಷ್ಟಿ ತೆಗೆದು, ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಒಳಗೆ ಕಳಿಸಿದರು. ಆಮೇಲೆ ಗಾಡಿಯನ್ನು ಸುತ್ತುಹಾಕಿ ಬಂದರು. ಕೆಸರು ಮೆತ್ತಿದ ಎತ್ತರದ ಗಾಲಿಯ ಮುಂದೆ ನಿಂತು, ತಂಬಿಗೆಯಲ್ಲಿ ಉಳಿದ ನೀರನ್ನು ಅದರ ಮೇಲೆ ಸುರಿದರು. ನಾನು ಇನ್ನೂ ಗಾಡಿಯ ಹಿಂಭಾಗದಲ್ಲಿ, ಕ್ಯಾನ್ವಾಸಿನ ಹೊದಿಕೆಯ ಕೆಳಗೆ, ಬೀಗರ ಮಣೆಯನ್ನು ಎತ್ತಿಕೊಳ್ಳಲು ಬಗ್ಗಿದ್ದೆ.

"ನಾಳಿಗೆ ಇದನ್ನ ಬಿಚ್ಚಿ ಮುಧೋಳಕ್ಕ ವಾಪಸ್ ಕೊಟ್ಟ ಬರ್ತೀನವ್ವಾ" ಎಂದರು ಇವರು. "ಒಂದ ಬೆರಳ ಎತ್ತರ ಐತಿ. ಸಣ್ಣ ಕೋಲ ಬಿಗದಿತ್ತ, ಗೊತ್ತೈತಿಲ್ಲೊ?"

"ಮನಿ ಮುಟ್ಟಸ್ತೋ ಇಲ್ಲೊ?"

"ಮುಟ್ಟಸ್ತು. ಆದ್ರ ಜೋಡಿ ಅಲ್ಲ ಅದು."

"ನಿಮ್ಮಪ್ಪನೂ ಹಿಂಗ ಅಂದಿದ್ದ" ಎಂದರು ಅತ್ತೆ, ಖಾಲಿ ತಂಬಿಗೆಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತ. "ಬೆಳಗಾಂವಕ್ಕ ಹೋಗಿ ಈಕೀನ ನೋಡಿ ಬಂದ ದಿನ. ಒಂದ ಬೆರಳ ಎತ್ತರ ಅದಾಳ, ಜೋಡಿ ಆಗೂದಿಲ್ಲ, ಬ್ಯಾಡ ಅಂತ ಮೂರ ದಿನ ಕುಂತಿದ್ದ. ನಾನ ಅಂದೆ, ಉಳದದ್ದೆಲ್ಲಾ ಕೂಡೇತಿ, ಇರಲಿ ತರೂಣು, ಯಾವಾಗರೆ ಉಪಯೋಗಕ್ಕ ಬಂದಾಳು ಅಂತ. ತಂದೆ. ಏನ ಮುರದೈತಿ ಈಗ?"

ಇವರು ಗಾಲಿಯನ್ನು ಮುಧೋಳಕ್ಕೆ ಒಯ್ಯಲಿಲ್ಲ. ಪಂಚರು ತಿದ್ದಿಸಿದ ಮೇಲೆ ಅದು ಮತ್ತೆ ನಮ್ಮ ಗಾಡಿಯ ಬೆನ್ನೇರಿತು, ಹುಬ್ಬಳ್ಳಿಯದು ಬಂದ ಮೇಲೂ ಅಲ್ಲಿಯೇ ಉಳಿಯಿತು, ಕಸ್ತೂರಿಯ ಮಗಳು ಅದನ್ನು ಹಿಡಿದು ನಿಲ್ಲಲು ಕಲಿಯುವವರೆಗೂ. ನನ್ನ ಗವಸಿನ ಹೊಲಿಗೆ ಬಿಚ್ಚಿ ಒಂದು ಬೆರಳು ಅಗಲ ಮಾಡಿದೆ. ಆದರೆ ಅಂದು, ಆ ಗಳಿಗೆಯಲ್ಲಿ, ಇಷ್ಟು ವರ್ಷ ಯಾರೂ ಎತ್ತಿಲ್ಲವೆಂದು ನಾನು ನಂಬಿದ್ದ ಮಾತನ್ನು ಅಂಗಳದಲ್ಲಿ ನೀರು ಸುರಿದಷ್ಟು ಸಲೀಸಾಗಿ ಅತ್ತೆ ಎತ್ತಿದ್ದರು. ನನ್ನ ಮೊಣಕಾಲುಗಳು ಎಂದಿನಂತೆ ಬಗ್ಗಿಕೊಂಡೇ ಇರುವುದು ನನಗೆ ಅರಿವಾಯಿತು. ಇನ್ನು ಬಗ್ಗುವ ಕಾರಣವಿಲ್ಲ ಎಂದುಕೊಂಡೆ. ತಲೆಯ ಮೇಲೆ ಪುಸ್ತಕವಿದೆ ಎಂದು ಭಾವಿಸಿ, ಸಿಸ್ಟರುಗಳನ್ನು ನೆನೆದು, ಮಣೆಯನ್ನು ಎದೆಗೆ ಅವಚಿಕೊಂಡು, ಗಾಡಿಯೊಳಗೆಯೇ ನೆಟ್ಟಗೆ ಎದ್ದು ನಿಂತೆ.

ಕಂಬಿ ಅಲ್ಲಿಯೇ ಇತ್ತು.